ಅಂಡಮಾನಿಗೆ ಹೊರಟಿದ್ದೀರಾ? ಸ್ವಲ್ಪ ನಿಲ್ಲಿ



ಈಚೆಗೆ ನಮ್ಮ ಸಂಘದ ಹುಡುಗ ಹುಡುಗಿಯರು ನಾಲ್ಕು ಜನ ಒಂದೆಡೆ ಸೇರಿದರೆ ಅಂಡಮಾನಿನ ಮಾತು ಬಂದೇ ಬರುತ್ತದೆ. ಚೆನ್ನೈಯಿಂದ ವಿಮಾನ ಹತ್ತಿದರೆ ಎರಡು ಗಂಟೆ ಚಿಲ್ಲರೆ. ಪಾಸ್‌ಪೋರ್ಟು ಬೇಡ, ವೀಸಾ ಬೇಡ, ಆದರೂ ಪರದೇಶಕ್ಕೆ ಹೋಗಿ ಬಂದ ಹಾಗೆ. ಪುಣೆಯಲ್ಲಿ ಕೆಲಸಕ್ಕಿರುವ ನನ್ನ ಮಗಳೂ ಹೋದ ತಿಂಗಳು ಫೋನು ಮಾಡಿ, "ಅಪ್ಪ, ಡಿಸೆಂಬರಿನಲ್ಲಿ ನಾವು ಆರು ಜನ ಫ್ರೆಂಡ್ಸ್ ಹ್ಯಾವ್‌ಲಾಕಿಗೆ ಹೋಗ್ತಿದೀವಿ. ದೀದಿ ಮನೇಲೇ ಇಳಿದುಕೊಳ್ಳೋಣ ಅಂತ. ನಂಬರ್ ಇದೆಯಾ?" ಎಂದಳು. ನಂಬರು ಕೊಟ್ಟೆ. ಅದರ ಜೊತೆಗೆ ಅರ್ಧ ಗಂಟೆ ಉಪದೇಶವನ್ನೂ ಕೊಟ್ಟೆ. ಅವಳು "ಸರಿ ಅಪ್ಪ, ಸರಿ ಅಪ್ಪ" ಎನ್ನುತ್ತಿದ್ದ ಧಾಟಿ ನೋಡಿದರೆ ಫೋನನ್ನು ಮೇಜಿನ ಮೇಲಿಟ್ಟು ಬೇರೇನೋ ಕೆಲಸ ಮಾಡುತ್ತಿದ್ದಳೆಂದು ಕಾಣುತ್ತದೆ. ಅವಳು ಕೇಳದೆ ಬಿಟ್ಟದ್ದನ್ನು ನೀವಾದರೂ ಓದುತ್ತೀರೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಹ್ಯಾವ್‌ಲಾಕಿಗೆ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪವೆಂದೂ, ಪೋರ್ಟ್ ಬ್ಲೇರಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ ಹೆಸರು ಬದಲಾಗಿದೆ. ನಾನು ಹೋದದ್ದು ಅದಕ್ಕೂ ಮುಂಚೆ. ಹಳೆಯ ಹೆಸರುಗಳೇ ಬಾಯಿಗೆ ಬರುತ್ತವೆ, ಕ್ಷಮಿಸಿ.

ಈ ಕಥೆ ಶುರುವಾಗುವುದು ಅಂಡಮಾನಿನಲ್ಲಲ್ಲ, ಚೆನ್ನೈಯಲ್ಲಿ. 2004ರ ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ ಆರೂವರೆಯ ಹೊತ್ತಿಗೆ ಮೈಲಾಪುರದ ನಮ್ಮ ಮನೆಯಲ್ಲಿ ಮಂಚ ಸಣ್ಣಗೆ ಅಲುಗಾಡಿತು. ಅಡುಗೆಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ಅಮ್ಮ "ಭೂಮಿ ನಡುಗಿತಲ್ಲೋ" ಎಂದರು, ನಾನು ಮಗ್ಗುಲು ಬದಲಿಸಿದೆ. ಪ್ರತಿ ಭಾನುವಾರ ಮರೀನಾಕ್ಕೆ ವಾಕಿಂಗ್ ಹೋಗುವ ರೂಢಿ ನನ್ನದು. ಅಂದು ಊರಿನಿಂದ ನೆಂಟರು ಬಂದಿದ್ದರಿಂದ ಹೋಗಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಬೀದಿಯಲ್ಲಿ ಜನ ಓಡುವ ಸದ್ದು. ಮುಂದಿನದು ನಿಮ್ಮ ಮನೆಯ ಹಿರಿಯರಿಗೆ ಗೊತ್ತು, ಕೇಳಿ ನೋಡಿ. ಮರಳಿನಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರನ್ನು, ಮೀನು ಮಾರುತ್ತಿದ್ದ ಹೆಂಗಸರನ್ನು ಸಮುದ್ರ ಎಳೆದುಕೊಂಡು ಹೋಯಿತು.

ನನ್ನನ್ನು ಈ ಹೊತ್ತಿಗೂ ಕಾಡುವುದು ಆರೂವರೆಗೂ ಒಂಬತ್ತಕ್ಕೂ ನಡುವಿನ ಆ ಎರಡೂವರೆ ಗಂಟೆ. ಸುಮಾತ್ರದ ಹತ್ತಿರ ಸಮುದ್ರದ ತಳ ಸೀಳಿತ್ತು. ಭೂಕಂಪದ ಪ್ರಮಾಣ 9ಕ್ಕೂ ಮೇಲೆ. ನಿಕೋಬಾರಿನ ದ್ವೀಪಗಳು ಆಗಲೇ ಮುಳುಗಿದ್ದವು. ನಮಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳುವ ಏರ್ಪಾಡೇ ಇರಲಿಲ್ಲ.

ಒಂದು ವರ್ಷ ಕಳೆದು, 2005ರ ಡಿಸೆಂಬರಿನಲ್ಲಿ ನಾವು ಅಂಡಮಾನಿಗೆ ಹೊರಟೆವು. ಧೈರ್ಯದಿಂದ ಹೊರಟೆವೆಂದರೆ ಸುಳ್ಳಾದೀತು. ಸುನಾಮಿಯ ನಂತರ ಪ್ರವಾಸಿಗರೇ ಇಲ್ಲದಂತಾದ ದ್ವೀಪಗಳನ್ನು ಮತ್ತೆ ಚಿಗುರಿಸಲು ಸರಕಾರ ಎಲ್.ಟಿ.ಸಿ.ಯ ನಿಯಮ ಸಡಿಲಿಸಿ, ನೌಕರರನ್ನು ಅಂಡಮಾನಿನತ್ತ ಕಳಿಸುವ ಉಪಾಯ ಹೂಡಿತ್ತು. ನನ್ನ ಆಫೀಸಿನ ಗೆಳೆಯರೊಬ್ಬರು ಹೋಗಿಬಂದು, "ಊರೇ ಖಾಲಿ ಮಾರಾಯ್ರೆ, ರಾಜರ ಹಾಗೆ ಇರಬಹುದು" ಎಂದಿದ್ದರು. ಖಾಲಿ ಊರಿನ ಅಗ್ಗದ ಆಸೆಗೆ ಹೊರಟವನು ನಾನು. ಅಮ್ಮ ಮಾತ್ರ ಒಪ್ಪಲಿಲ್ಲ. "ಸಮುದ್ರ ನುಂಗಿದ ಊರಿಗೆ ಮಗು ಕಟ್ಟಿಕೊಂಡು ಹೋಗ್ತೀಯಾ?" ಎಂದು ಎರಡು ದಿನ ಮಾತು ಬಿಟ್ಟರು. ಮಗಳಿಗೆ ಆಗ ಏಳು ವರ್ಷ.

ಹಡಗಿನಲ್ಲಿ ಹೋದೆವು. ಸುಮಾರು 1,200 ಕಿಲೋಮೀಟರು, ಮೂರು ದಿನ. ಹಡಗಿನ ಕ್ಯಾಂಟೀನಿನ ಊಟದ ಬಗ್ಗೆ ಬರೆದರೆ ಪ್ರತ್ಯೇಕ ಲೇಖನವೇ ಆದೀತು. ಮನೆಯಿಂದ ತಂದ ಚಕ್ಕುಲಿ, ಪುಳಿಯೋಗರೆ ಗೊಜ್ಜು ನಮ್ಮನ್ನು ಕಾಪಾಡಿದವು.

ಪೋರ್ಟ್ ಬ್ಲೇರಿನಲ್ಲಿ ಇಳಿದಾಗ ನಾನು ಎದುರು ನೋಡಿದ್ದು ಒಡೆದ ಮನೆಗಳನ್ನು. ಕಂಡದ್ದು ಬೇರೆ. ಊರಿನ ಹೊರಗೆ ಸಿಪ್ಪಿಘಾಟ್ ಎಂಬ ಕಡೆ ಆಟೋದವನು ಗಾಡಿ ನಿಲ್ಲಿಸಿ, "ಇದು ಗದ್ದೆ" ಎಂದ. ಎದುರಿಗೆ ಇದ್ದದ್ದು ನೀರು. ಆ ಭೂಕಂಪದಲ್ಲಿ ಪೋರ್ಟ್ ಬ್ಲೇರಿನ ಸುತ್ತಿನ ನೆಲ ಸುಮಾರು ಒಂದು ಮೀಟರಿನಷ್ಟು ಕುಸಿದಿದೆ. ಅಲೆ ಬಂದು ಹೋಯಿತು, ಆದರೆ ತಗ್ಗಿದ ನೆಲಕ್ಕೆ ಬಂದ ಸಮುದ್ರ ಹಿಂದಕ್ಕೆ ಹೋಗಲಿಲ್ಲ. ಭರತ ಬಂದಾಗಲೆಲ್ಲ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ನೀರಿನ ನಡುವೆ ಒಣಗಿದ ಅಡಿಕೆ ಮರಗಳು ಕಂಬಗಳಂತೆ ನಿಂತಿದ್ದವು. ಉತ್ತರ ಅಂಡಮಾನಿನಲ್ಲಿ ಇದರ ವಿರುದ್ಧ: ಅಲ್ಲಿ ನೆಲ ಮೇಲೆದ್ದು, ನೀರಿನೊಳಗಿದ್ದ ಹವಳದ ದಿಬ್ಬಗಳು ಹೊರಬಂದು ಬಿಸಿಲಿಗೆ ಸತ್ತುಹೋದವು. ದಕ್ಷಿಣದ ತುದಿಯ ಇಂದಿರಾ ಪಾಯಿಂಟಿನಲ್ಲಂತೂ ನೆಲ 4 ಮೀಟರಿಗೂ ಹೆಚ್ಚು ಕುಸಿದು, ದಡದಲ್ಲಿದ್ದ ದೀಪಸ್ತಂಭ ನೀರಿನೊಳಗೆ ನಿಲ್ಲುವಂತಾಯಿತು. ಇಷ್ಟೆಲ್ಲ ಒಂದು ಬೆಳಗಿನಲ್ಲಿ.

ಹ್ಯಾವ್‌ಲಾಕ್ ಮುಟ್ಟಿದಾಗ ಇನ್ನೊಂದು ಆಶ್ಚರ್ಯ. ಅಲ್ಲಿ ಏನೂ ಆಗಿರಲಿಲ್ಲ! ತೆಂಗು ತೆಂಗಿನ ಹಾಗೆ, ಮರಳು ಮರಳಿನ ಹಾಗೆ. ಅಲ್ಲಿಯ ರಾಧಾನಗರದ ಕಡಲತೀರವನ್ನು ಏಷ್ಯಾದ ಅತ್ಯುತ್ತಮ ತೀರವೆಂದು ಟೈಮ್ ಪತ್ರಿಕೆ ಹೊಗಳಿದ್ದು 2004ರಲ್ಲೇ. ಆ ತೀರದಲ್ಲಿ ಕ್ರಿಸ್‌ಮಸ್ ರಜೆಯ ಸಂಜೆ ನಾವು ಮೂವರು, ಎರಡು ನಾಯಿ, ಒಬ್ಬ ಎಳನೀರಿನವನು. ಅಷ್ಟೇ ಜನ.

ನಾವು ಇಳಿದುಕೊಂಡದ್ದು 5ನೇ ನಂಬರಿನ ಬೀಚಿನ ಹತ್ತಿರ (ಅಲ್ಲಿ ತೀರಗಳಿಗೆ ನಂಬರು), ಒಂದು ಬಂಗಾಳಿ ಕುಟುಂಬ ನಡೆಸುತ್ತಿದ್ದ ನಾಲ್ಕು ಬಿದಿರಿನ ಕಾಟೇಜುಗಳಲ್ಲಿ. ದೇಶ ಇಬ್ಭಾಗವಾದ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ಈ ದ್ವೀಪದಲ್ಲಿ ಜಾಗ ಕೊಟ್ಟಿತ್ತು, ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಊರವರು. ಅಪ್ಪ ಅಮ್ಮನ ಊರು ಒಂದು, ತಾವು ಹುಟ್ಟಿ ಬೆಳೆದ ಊರು ಇನ್ನೊಂದು. ನಿಮ್ಮ ಹಾಗೆಯೇ ಎನ್ನಿ. ಮನೆಯಾಕೆಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಾವು ಹೋದಾಗ ಆಕೆ ಕಾಟೇಜಿನ ಬೀಗ ತೆಗೆಯಲು ಕೀಲಿಗೆ ಕೊಬ್ಬರಿ ಎಣ್ಣೆ ಹಚ್ಚಿದರು. ಬೀಗ ತುಕ್ಕು ಹಿಡಿದಿತ್ತು.

ರಾತ್ರಿ ಊಟದ ಹೊತ್ತಿಗೆ ಆಕೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. "ನಮ್ಮ ಮನೆಗೆ ಅಲೆ ಬರಲಿಲ್ಲ ಭಾಯಿಸಾಬ್, ಪೇಪರ್ ಬಂತು." ಅಂಡಮಾನ್ ನಾಶವಾಯಿತೆಂದು ದೇಶದ ಪತ್ರಿಕೆಗಳೆಲ್ಲ ಬರೆದವು. ಸತ್ತವರು ಹೆಚ್ಚಾಗಿ ನಿಕೋಬಾರಿನವರು. ಪೋರ್ಟ್ ಬ್ಲೇರಿನಿಂದ ದಕ್ಷಿಣದ ತುದಿಗೆ 500 ಕಿಲೋಮೀಟರಿಗೂ ಹೆಚ್ಚು. ನಿಕೋಬಾರಿನ ಹೆಚ್ಚಿನ ದ್ವೀಪಗಳಿಗೆ ಪ್ರವಾಸಿಗರನ್ನು ಬಿಡುವುದೂ ಇಲ್ಲ. ಮಂಗಳೂರಿನಲ್ಲಿ ನೆರೆ ಬಂದಿತೆಂದು ಕಲಬುರಗಿಯ ಟಿಕೇಟು ರದ್ದು ಮಾಡಿದರೆ ಹೇಗೆ, ಹಾಗಾಯಿತು. 2004ರಲ್ಲಿ ಒಂದು ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ 2005ರಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯಿತು. ದೀದಿಯ ಮನೆಯವರು ಕಾಟೇಜು ಕಟ್ಟಲು ಸಾಲ ತೆಗೆದಿದ್ದರು. ಕಂತಿಗೆ ಸುನಾಮಿ ಗೊತ್ತಿಲ್ಲವಲ್ಲ. ಪಕ್ಕದ ಮನೆಯವನು ಅಡಿಕೆ ತೋಟ ಮಾರಿ, ಎಲ್ಲ ಹಣವನ್ನೂ ಕಾಟೇಜಿಗೆ ಸುರಿದಿದ್ದ. ಆ ವರ್ಷ ಬಾಗಿಲು ಹಾಕಿ ಪೋರ್ಟ್ ಬ್ಲೇರಿಗೆ ಕೂಲಿಗೆ ಹೋದ. ದೀದಿ ತೋಟ ಉಳಿಸಿಕೊಂಡಿದ್ದರಿಂದ ಉಳಿದರು.

ಅಗ್ಗಕ್ಕೆ ಸಿಗುತ್ತದೆಂದು ಹೋಗಿದ್ದ ನಾನು ಆ ರಾತ್ರಿ ಬಾಡಿಗೆ ಚೌಕಾಸಿ ಮಾಡಿದ್ದನ್ನು ನೆನೆದು ತುಂಬ ಹೊತ್ತು ನಿದ್ದೆ ಮಾಡಲಿಲ್ಲ. ಮಾರನೆಯ ದಿನ ಪೂರ್ತಿ ಹಣ ಕೊಡಲು ಹೋದರೆ ಆಕೆ ತೆಗೆದುಕೊಳ್ಳಲಿಲ್ಲ. "ಮಾತು ಆಗಿದೆ. ಮತ್ತೆ ಬನ್ನಿ, ಆಗ ಕೊಡಿ" ಎಂದರು.

ಮತ್ತೆ ಹೋಗಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಒಂದೆರಡು ಒಳ್ಳೆಯ ಕೆಲಸಗಳಾಗಿದ್ದವು. 2007ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಹೈದರಾಬಾದಿನ ಓದುಗರೆ, ಸಮುದ್ರವೇ ಇಲ್ಲದ ನಿಮ್ಮ ಊರು ಇಡೀ ಹಿಂದೂ ಮಹಾಸಾಗರದ ಕಾವಲು ಕಾಯುತ್ತಿದೆ! ಸಮುದ್ರದಡಿಯಲ್ಲಿ ದೊಡ್ಡ ಭೂಕಂಪವಾದರೆ ಹತ್ತು ನಿಮಿಷದ ಆಸುಪಾಸಿನಲ್ಲಿ ಅಲ್ಲಿಂದ ಸುದ್ದಿ ಹೊರಡುತ್ತದೆ. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರದ ಆಚೆ 8.6ರ ಭೂಕಂಪವಾದಾಗ ಚೆನ್ನೈಯಲ್ಲಿ ನಮ್ಮ ಆಫೀಸೇ ನಡುಗಿತು. ಈ ಸಲ ಎಚ್ಚರಿಕೆ ಬಂತು, ಮರೀನಾ ಖಾಲಿಯಾಯಿತು. ದೊಡ್ಡ ಅಲೆ ಬರಲಿಲ್ಲ. ಬರದಿದ್ದುದಕ್ಕೆ ಕೆಲವರು ಬೈದರು. ಓಡಿದ್ದು ವ್ಯರ್ಥವಾಯಿತಂತೆ. ಇಂಥವರಿಗೆ ಏನು ಹೇಳುವುದು?

ಆದರೆ ನಿಕೋಬಾರಿನಂಥ ಕಡೆ ಹತ್ತು ನಿಮಿಷವೂ ದುಬಾರಿ. ಭೂಕಂಪ ಅವರ ಕಾಲ ಬುಡದಲ್ಲೇ ಆಗುತ್ತದೆ. ಅಲ್ಲಿ ಉಳಿಸುವುದು ಯಂತ್ರಕ್ಕಿಂತ ಮೊದಲು ತಲೆಯಲ್ಲಿರುವ ತಿಳಿವಳಿಕೆ. ಲಿಟ್ಲ್ ಅಂಡಮಾನಿನ ಡುಗಾಂಗ್ ಕ್ರೀಕಿನ ಓಂಗೆ ಜನ, ನಾವು ಓದುಬರಹ ತಿಳಿಯದವರೆಂದು ಕರೆಯುವವರು, ಆ ದಿನ ನೀರಿನ ಚಲನೆ ನೋಡಿ ಎತ್ತರದ ಕಾಡಿಗೆ ಹೋಗಿ ಎಲ್ಲರೂ ಬದುಕಿಕೊಂಡರು. ಇಂಡೋನೇಷ್ಯಾದ ಸಿಮೆಯುಲು ದ್ವೀಪ ಭೂಕಂಪದ ಕೇಂದ್ರಕ್ಕೆ ತೀರ ಹತ್ತಿರ. ಎಪ್ಪತ್ತೆಂಟು ಸಾವಿರ ಜನರಿದ್ದ ಅಲ್ಲಿ ಸತ್ತವರು ಏಳೇ ಮಂದಿ. 1907ರಲ್ಲಿ ಅಂಥದೇ ಅಲೆ ಬಂದು ಊರು ತೊಳೆದ ಮೇಲೆ ಅಜ್ಜಿಯರು ಮೊಮ್ಮಕ್ಕಳಿಗೆ 'ಸ್ಮೋಂಗ್' ಎಂಬ ಪದವನ್ನು ಜೋಗುಳದ ಹಾಗೆ ಕಲಿಸಿದ್ದರು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು: ಇಷ್ಟೇ ಅದರ ಅರ್ಥ. ಒಂದೇ ಪದ ನೂರು ವರ್ಷ ಬಾಯಿಂದ ಬಾಯಿಗೆ ಉಳಿದುಬಂದದ್ದರಿಂದ ಊರು ಉಳಿಯಿತು.

ಪ್ರವಾಸಿಗೆ ಇಂಥ ಅಜ್ಜಿ ಎಲ್ಲಿಂದ ಬರಬೇಕು? ಅವನು ನಿನ್ನೆ ಬಂದವನು, ನಾಳೆ ಹೋಗುವವನು. ಗುಡ್ಡ ಎಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ, ಅಲೆ ಹಿಂದೆ ಸರಿದರೆ ಫೋಟೋ ತೆಗೆಯಲು ಮುಂದೆ ಹೋಗುತ್ತಾನೆ. ಇದು ನನ್ನ ತಲೆಗೆ ಹೋದದ್ದು 2016ರಲ್ಲಿ, ಚೆನ್ನಾಗಿ ನೆನೆದ ಮೇಲೆ.

2016ರ ಡಿಸೆಂಬರ್ 4ರಂದು ನಾವು ಮೂವರು ಮತ್ತೆ ದೀದಿಯ ಮನೆ ಸೇರಿದೆವು. ಮಗಳು ಆಗ ಕಾಲೇಜು ಸೇರಿದ್ದಳು, ಸೆಮಿಸ್ಟರು ಮುಗಿದಿತ್ತು. ಈ ಸಲ ವಿಮಾನದಲ್ಲಿ. ದ್ವೀಪ ಗುರುತೇ ಸಿಗಲಿಲ್ಲ. ಜೆಟ್ಟಿಯಿಂದ ದಾರಿಯುದ್ದಕ್ಕೂ ರಿಸಾರ್ಟು, ಸ್ಕೂಟರು ಬಾಡಿಗೆ ಅಂಗಡಿ, ಮಸಾಲೆ ದೋಸೆಯ ಹೋಟೆಲು ಕೂಡ. ಆ ದೋಸೆಯ ಬಗ್ಗೆ ಮಾತಾಡದಿರುವುದು ವಾಸಿ. ದೀದಿಯ ನಾಲ್ಕು ಕಾಟೇಜು ಏಳಾಗಿದ್ದವು, ಏಳಕ್ಕೆ ನಿಂತಿದ್ದವು. ಬ್ಯಾಂಕಿನವರು ಇನ್ನೂ ಸಾಲ ಕೊಡುತ್ತೇವೆಂದರೂ ಬೇಡವೆಂದರಂತೆ.

ಐದನೆಯ ತಾರೀಕು ಮಳೆ ಹಿಡಿಯಿತು. ಆ ರಾತ್ರಿ ಜಯಲಲಿತಾ ತೀರಿಕೊಂಡ ಸುದ್ದಿಯೇ ನಮಗೆ ಚೆನ್ನೈಯಿಂದ ಸರಿಯಾಗಿ ಕೇಳಿಸಿದ ಕೊನೆಯ ಸುದ್ದಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಬೋಟುಗಳು ನಿಂತವು. ಆಮೇಲೆ ಕರೆಂಟು ಹೋಯಿತು, ಫೋನು ಹೋಯಿತು. ಈ ದ್ವೀಪಗಳಿಗೆ ಭೂಭಾಗದಿಂದ ವಿದ್ಯುತ್ತಿನ ತಂತಿ ಇಲ್ಲವೆಂಬುದು ನೆನಪಿರಲಿ, ಹೆಚ್ಚುಪಾಲು ಡೀಸೆಲ್ ಜನರೇಟರುಗಳ ವಿದ್ಯುತ್ತು. ಡೀಸೆಲು ಹಡಗಿನಲ್ಲಿ ಬರಬೇಕು. ಹಡಗು ನಿಂತರೆ ಎಲ್ಲವೂ ನಿಂತಂತೆ. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ 1,400ಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದಾರೆಂದು ದೇಶಕ್ಕೆಲ್ಲ ಟಿ.ವಿ.ಯಲ್ಲಿ ತಿಳಿಯಿತು. ಆ ಸಾವಿರದಲ್ಲಿ ಒಬ್ಬರಾಗಿದ್ದ ನಮಗೆ ಮಾತ್ರ ತಿಳಿಯಲಿಲ್ಲ.

ನೋಟು ರದ್ದಾಗಿ ಒಂದು ತಿಂಗಳೂ ಆಗಿರಲಿಲ್ಲ. ದ್ವೀಪದ ಒಂದೆರಡು ಎ.ಟಿ.ಎಂ.ಗಳಲ್ಲಿ ಹಣವಿಲ್ಲ, ಕರೆಂಟು ಹೋದ ಮೇಲೆ ಕಾರ್ಡೂ ಇಲ್ಲ. ನನ್ನ ಜೇಬಿನಲ್ಲಿ 340 ರೂಪಾಯಿ ಇತ್ತು. ಎಂಟನೆಯ ತಾರೀಕಿನ ವಿಮಾನಕ್ಕೆ ಟಿಕೇಟು, ನಡುವೆ ಒಂದೇ ದಿನದ ಅವಕಾಶ ಇಟ್ಟುಕೊಂಡ ಜಾಣ ನಾನು. ಅದಕ್ಕಿಂತ ದೊಡ್ಡ ತಪ್ಪೆಂದರೆ ನಾವು ಎಲ್ಲಿ ಇಳಿದುಕೊಂಡಿದ್ದೇವೆಂದು ಅಮ್ಮನಿಗೆ ಹೇಳಿರಲಿಲ್ಲ. "ಅಂಡಮಾನಿಗೆ" ಎಂದಷ್ಟೇ ಹೇಳಿದ್ದೆ. ಎಂಬತ್ತರ ಹತ್ತಿರದ ಮುದುಕಿ ನಾಲ್ಕು ದಿನ ಟಿ.ವಿ.ಯ ಮುಂದೆ ಕೂತು ಬರುವ ಪ್ರತಿ ಮುಖವನ್ನೂ ನೋಡುತ್ತಿದ್ದರಂತೆ.

ದೀದಿಯ ಮನೆಯಲ್ಲಿ ಆ ನಾಲ್ಕು ದಿನ ಹೇಗೆ ಕಳೆಯಿತೆಂದು ಹೇಳುತ್ತೇನೆ, ಇದೇ ನಾನು ಹೇಳಬೇಕೆಂದಿರುವ ವಿಷಯ. ಗಾಳಿ ಶುರುವಾದ ಗಂಟೆಯೊಳಗೆ ಆಕೆ ಒಂದು ದಪ್ಪ ನೋಟುಬುಕ್ಕು ಹಿಡಿದು ಏಳೂ ಕಾಟೇಜಿಗೆ ಬಂದರು. ಎಷ್ಟು ಜನ, ಯಾರಿಗೆ ಯಾವ ಮಾತ್ರೆ ಬೇಕು, ಊರಿನಲ್ಲಿ ಯಾರಿಗೆ ತಿಳಿಸಬೇಕು, ನಂಬರೇನು? ಎಲ್ಲ ಬರೆದುಕೊಂಡರು. ಹಿತ್ತಿಲಿನಲ್ಲಿ ಮುಚ್ಚಳ ಹಾಕಿದ ನೀರಿನ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಅಕ್ಕಿ, ಬೇಳೆ, ಆಲೂಗೆಡ್ಡೆ ಹದಿನೈದು ದಿನಕ್ಕಾಗುವಷ್ಟು. ಗಾಳಿಮಳೆಯ ಕಾಲ ಮುಗಿಯುವವರೆಗೆ ಅಷ್ಟು ಸಾಮಾನು ಇಲ್ಲದೆ ಇರಕೂಡದೆಂಬುದು ಅವರ ಮನೆಯ ನಿಯಮ. ಸುತ್ತಲಿನ ಐದಾರು ಮನೆಗಳವರು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದರು: ಈ ಮನೆಯ ಸಿಹಿನೀರಿನ ಬಾವಿ, ಆ ಮನೆಯ ಜನರೇಟರು, ಇನ್ನೊಂದು ಮನೆಯ ಗಟ್ಟಿ ತಾರಸಿ. ಜನರೇಟರು ದಿನಕ್ಕೆ ಎರಡೇ ಗಂಟೆ, ಅದೂ ನೀರೆತ್ತಲು ಮತ್ತು ಫೋನು ಚಾರ್ಜು ಮಾಡಲು. ದೀಪಕ್ಕೆ ಲಾಟೀನು. ಹತ್ತಿರದ ಒಂದು ದೊಡ್ಡ ರಿಸಾರ್ಟಿನಲ್ಲಿ ಮೊದಲ ರಾತ್ರಿ ಎಲ್ಲ ದೀಪ ಉರಿಯುತ್ತಿತ್ತು; ನಮ್ಮ ಕಾಟೇಜಿನವರೆಲ್ಲ ಹೊಟ್ಟೆಕಿಚ್ಚಿನಿಂದ ನೋಡಿದೆವು. ಮೂರನೆಯ ದಿನ ಅಲ್ಲಿಯ ಜನರು ಬಕೆಟ್ಟು ಹಿಡಿದು ನಮ್ಮ ಬಾವಿಗೆ ಬಂದರು. ದೀದಿ ಕೊಟ್ಟರು, ಒಬ್ಬರಿಗೆ ಒಂದೇ ಬಕೆಟ್ಟು ಎಂದು ಎಣಿಸಿ ಕೊಟ್ಟರು.

ಹಣದ ಮಾತು ಬಂದಾಗ ಆಕೆ ಅದೇ ನೋಟುಬುಕ್ಕಿನ ಹಿಂದಿನ ಪುಟ ತೆರೆದು ಪ್ರತಿಯೊಬ್ಬರ ಬಾಕಿ ಬರೆದರು. "ಊರಿಗೆ ಹೋಗಿ ಕಳಿಸಿ." ಎಲ್ಲರೂ ಕಳಿಸಿದರೇ ಎಂದು ಮುಂದೆ ಕೇಳಿದೆ. ಒಬ್ಬ ಕಳಿಸಲಿಲ್ಲವಂತೆ. ನಾನಂತೂ 2005ರ ಚೌಕಾಸಿಯ ಹಣವನ್ನೂ ಸೇರಿಸಿ ಕಳಿಸಿದೆ. ಈ ಸಲ ವಾಪಸು ಬರಲಿಲ್ಲ.

ಇದನ್ನೆಲ್ಲ ಯಾರು ಕಲಿಸಿದರು ಎಂದು ಮಗಳು ಕೇಳಿದ್ದಕ್ಕೆ ದೀದಿ, "ಆ ಖಾಲಿ ವರ್ಷ" ಎಂದರು. ಅತಿಥಿಗಳಿಲ್ಲದ ಆ ವರ್ಷ ಅಕ್ಕಪಕ್ಕದವರು ಸಂಜೆ ಕೂತು ಮಾತಾಡಿದ್ದೇ ಕೆಲಸವಂತೆ. ನಮ್ಮ ಮನೆಗೆ ಅಲೆ ಬಂದಿದ್ದರೆ ಏನಾಗುತ್ತಿತ್ತು? ಮನೆಯವರು ಗುಡ್ಡ ಹತ್ತುತ್ತಿದ್ದೆವು, ಅತಿಥಿಗಳು? ಅವರಿಗೆ ಗುಡ್ಡ ತೋರಿಸಿದ್ದೇವೆಯೇ? ಹಾಗೆ ಶುರುವಾದದ್ದು. ಯಾವ ಕಮಿಟಿಯೂ ಇರಲಿಲ್ಲ, ಯಾವ ತಜ್ಞರೂ ಇರಲಿಲ್ಲ.

ನೌಕಾಪಡೆಯ ಹಡಗುಗಳು ಏಳನೆಯ ತಾರೀಕೇ ಹೊರಟು ಬಂದರೂ ಕಡಲಿನ ಅಬ್ಬರಕ್ಕೆ ನಮ್ಮನ್ನು ಹತ್ತಿಸಿಕೊಳ್ಳಲಾಗದೆ ಕಾದವು. ಶುಕ್ರವಾರ ಒಂಬತ್ತನೆಯ ತಾರೀಕು ನಾವು ಹತ್ತಿದೆವು. ಸಾಲಿನಲ್ಲಿ ಮೊದಲು ಕೈಕೂಸಿನವರು, ವಯಸ್ಸಾದವರು. ಯಾರು ಕಾಯಿಲೆಯವರೆಂದು ಹೇಳಲು ದೀದಿಯ ನೋಟುಬುಕ್ಕೇ ಉಪಯೋಗಕ್ಕೆ ಬಂತು. ಹನ್ನೊಂದರಂದು ಚೆನ್ನೈ ಮುಟ್ಟಿದೆವು. ಹನ್ನೆರಡರಂದು ಅದೇ ಗಾಳಿ, ವಾರ್ದಾ ಎಂಬ ಹೆಸರು ಹೊತ್ತು, ನಮ್ಮ ಹಿಂದೆಯೇ ಕೊಲ್ಲಿ ದಾಟಿ ಚೆನ್ನೈಗೆ ಬಂತು. ಸಾವಿರಾರು ಮರಗಳು ಉರುಳಿದವು. ನಮ್ಮ ಫ್ಲಾಟಿನಲ್ಲಿ ನಾಲ್ಕು ದಿನ ಕರೆಂಟಿಲ್ಲ. ಮೊದಲ ದಿನವೇ ನೀರು ಮುಗಿಯಿತು. ಮೂವತ್ತೆರಡು ಮನೆಗಳಿರುವ ಕಟ್ಟಡದಲ್ಲಿ ಯಾರ ಮನೆಯಲ್ಲಿ ಮುದುಕರಿದ್ದಾರೆಂದು ಬರೆದಿಟ್ಟ ಒಂದು ನೋಟುಬುಕ್ಕೂ ಇರಲಿಲ್ಲ. ಮಗಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಇನ್ನು ಲೆಕ್ಕದ ಮಾತು. ಪ್ರವಾಸೋದ್ಯಮ ಚೇತರಿಸಿಕೊಂಡಿತೆಂದು ಸರಕಾರಗಳು ಹೇಳುವಾಗ ತಲೆ ಎಣಿಸಿ ಹೇಳುತ್ತವೆ. ಆ ಎಣಿಕೆಯಲ್ಲಿ ಅಂಡಮಾನ್ 2006ರಲ್ಲೇ ಹಳೆಯ ಅಂಕಿಯನ್ನು ದಾಟಿತು. 2019ರ ಹೊತ್ತಿಗೆ ವರ್ಷಕ್ಕೆ ಸುಮಾರು ಐದು ಲಕ್ಷ ಪ್ರವಾಸಿಗರು. 2011ರ ಜನಗಣತಿಯಂತೆ ದ್ವೀಪಗಳ ಜನಸಂಖ್ಯೆಯೇ 3.8 ಲಕ್ಷ. ಮಾಲ್ಡೀವ್ಸ್ ನೋಡಿ. ಅಲ್ಲಿ 2004ರಲ್ಲಿ 6 ಲಕ್ಷವಿದ್ದ ಪ್ರವಾಸಿಗರು 2005ರಲ್ಲಿ 4 ಲಕ್ಷಕ್ಕಿಂತ ಕೆಳಗಿಳಿದು, 2006ರಲ್ಲಿ ಮತ್ತೆ 6 ಲಕ್ಷ ಮುಟ್ಟಿದರು. ಅಲ್ಲಿಯ ರಿಸಾರ್ಟುಗಳಿಗೆ ಒಂದೊಂದಕ್ಕೂ ತನ್ನದೇ ದ್ವೀಪ, ತನ್ನದೇ ಜನರೇಟರು, ಸಮುದ್ರದ ನೀರನ್ನು ಸಿಹಿ ಮಾಡುವ ತನ್ನದೇ ಯಂತ್ರ, ಬೇಗ ಎದ್ದವು. ಆದರೆ ಕಂಧೋಲ್‌ಹುಧೂ ಎಂಬ ದ್ವೀಪದ ಸಾವಿರಾರು ಜನ ತಮ್ಮ ಊರನ್ನೇ ಬಿಡಬೇಕಾಯಿತು. ಅವರಿಗೆ ಬೇರೊಂದು ದ್ವೀಪದಲ್ಲಿ ಮನೆಗಳಾಗಲು ಸುಮಾರು ನಾಲ್ಕು ವರ್ಷ ಹಿಡಿಯಿತು. ಸಿಪ್ಪಿಘಾಟಿನ ಗದ್ದೆಯೂ ಹಾಗೆಯೇ. ನಾವು 2016ರಲ್ಲಿ ನೋಡಿದಾಗ ಅಲ್ಲಿ ಮ್ಯಾಂಗ್ರೋವ್, ಅಂದರೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡ, ಎದ್ದಿತ್ತು. ಕಣ್ಣಿಗೆ ಹಸಿರೇ. ಅಕ್ಕಿ ಬೆಳೆಯುತ್ತಿದ್ದವನಿಗೆ ಆ ಹಸಿರಿನಿಂದೇನು?

ಐದು ಲಕ್ಷ ಜನ ಬಂದರೆ ಐದು ಲಕ್ಷ ಜನ ಸ್ನಾನ ಮಾಡಬೇಕು. ಪೋರ್ಟ್ ಬ್ಲೇರಿನ ನೀರು ಮುಖ್ಯವಾಗಿ ಧನಿಖಾರಿ ಎಂಬ ಒಂದು ಅಣೆಕಟ್ಟಿನದು. ಮಳೆ ತಪ್ಪಿದ ಬೇಸಿಗೆಗಳಲ್ಲಿ ಊರವರ ನಲ್ಲಿಗೆ ದಿನ ಬಿಟ್ಟು ದಿನ, ಕೆಲವೊಮ್ಮೆ ಅದಕ್ಕಿಂತಲೂ ಅಪರೂಪಕ್ಕೆ ನೀರು. ಹೋಟೆಲಿನ ಶವರು ಮಾತ್ರ ಸುರಿಯುತ್ತಿರುತ್ತದೆ. ಹೀಗೆ ಒಣಗಿ ನಿಂತ ಊರಿಗೆ ನಾಳೆ ಒಂದು ಬಿರುಗಾಳಿ ಬಂದರೆ ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬಂದೀತು? ತಲೆಗಳ ಸಂಖ್ಯೆ ಹೆಚ್ಚಿಸುವುದೇ ಚೇತರಿಕೆಯೆಂಬುದನ್ನು ನಾನಂತೂ ಒಪ್ಪುವುದಿಲ್ಲ. ಒಳ್ಳೆಯ ಉದಾಹರಣೆಯೂ ಅಲ್ಲೇ ಇದೆ. ವಂಡೂರಿನ ಸಮುದ್ರ ರಾಷ್ಟ್ರೀಯ ಉದ್ಯಾನದಲ್ಲಿ ಜಾಲಿ ಬಾಯ್, ರೆಡ್ ಸ್ಕಿನ್ ಎಂಬ ಎರಡು ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಒಂದು ತೆರೆದಿರುವಾಗ ಇನ್ನೊಂದರ ಹವಳಕ್ಕೆ ವಿಶ್ರಾಂತಿ. 1998ರಲ್ಲಿ, 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳಗಳು ಬಿಳಿಚಿಕೊಂಡಿದ್ದವು. ಕಾಯಿಲೆ ಬಿದ್ದು ಎದ್ದವರನ್ನು ನೋಡಲು ದಿನಾ ಜನ ಹೋಗಬಾರದಷ್ಟೆ. ನಿಮಗೆ ಬೇಕಾದ ದ್ವೀಪ ಮುಚ್ಚಿದ್ದರೆ ಬೋಟಿನವನ ಜೊತೆ ಜಗಳವಾಡಬೇಡಿ.

2020ರ ಆಗಸ್ಟಿನಲ್ಲಿ ಚೆನ್ನೈಯಿಂದ ಸಮುದ್ರದಡಿಯಲ್ಲಿ ಸುಮಾರು 2,300 ಕಿಲೋಮೀಟರಿನ ಕೇಬಲು ಹಾಕಿ ದ್ವೀಪಗಳಿಗೆ ಸಂಪರ್ಕ ಕೊಟ್ಟದ್ದರಿಂದ ಈಗ ಫೋನಿನ ಪರಿಸ್ಥಿತಿ ಎಷ್ಟೋ ವಾಸಿ. ಆದರೂ ಟವರಿಗೆ ಕರೆಂಟು ಬೇಕು, ಕರೆಂಟಿಗೆ ಡೀಸೆಲು ಬೇಕು. ಅದೇ 2020ರಲ್ಲಿ ಕೊರೋನಾ ಬಂದು ವಿಮಾನಗಳು ನಿಂತಾಗ ನಾನು ದೀದಿಗೆ ಫೋನು ಮಾಡಿದೆ. "ತೋಟ ಇದೆ ಭಾಯಿಸಾಬ್" ಎಂದರು. ಒಡಿಶಾದ ವೆಂಕಟ್ರಾಯ್‌ಪುರ, ನೋಲಿಯಾಸಾಹಿ ಎಂಬ ಎರಡು ಮೀನುಗಾರ ಹಳ್ಳಿಗಳಿಗೆ ಆ ವರ್ಷವೇ ಯುನೆಸ್ಕೋದ ಸಾಗರ ಆಯೋಗ 'ಸುನಾಮಿಗೆ ಸಿದ್ಧ' ಎಂಬ ಮನ್ನಣೆ ಕೊಟ್ಟಿತು. ಓಡುವ ದಾರಿಯ ನಕ್ಷೆ ಬರೆದಿಟ್ಟುಕೊಳ್ಳುವುದು, ಓಡುವುದನ್ನು ಅಭ್ಯಾಸ ಮಾಡುವುದು, ಇಂಥವೇ ಅದರ ಷರತ್ತುಗಳು. ಪ್ರವಾಸಿಗರು ತುಂಬಿದ ಪ್ರತಿ ತೀರಕ್ಕೂ ಇದು ಬೇಕು. ರಿಸಾರ್ಟಿಗೆ ನಕ್ಷತ್ರ ಕೊಡುವವರು ಈಜುಕೊಳದ ಜೊತೆಗೆ ಇದನ್ನೂ ನೋಡಬಾರದೆ?

ಹಾಗಾದರೆ ಹೊರಟಿರುವ ನೀವೇನು ಮಾಡಬೇಕು? ಹೋಗಬೇಕು. ಅನಾಹುತವಾದ ಊರಿಗಂತೂ, ಅಲ್ಲಿಯವರು ಬನ್ನಿ ಎಂದ ಮೇಲೆ, ಹೋಗಲೇಬೇಕು. ಪೇಪರಿನಲ್ಲಿ ಬಂದ ಹೆಸರನ್ನಷ್ಟೇ ನೋಡದೆ ನಕ್ಷೆ ತೆಗೆದು ಯಾವ ದ್ವೀಪಕ್ಕೆ ಏನಾಗಿದೆಯೆಂದು ನೋಡಿ ಹೋಗಬೇಕು. ಮರಳುವ ವಿಮಾನಕ್ಕೂ ಕೊನೆಯ ಬೋಟಿಗೂ ನಡುವೆ ಎರಡು ದಿನ ಬಿಡಿ. ಒಂದಿಷ್ಟು ನಗದು ಹಣ, ಟಾರ್ಚು, ಮಾತ್ರೆ ಇಟ್ಟುಕೊಳ್ಳಿ. ಎಲ್ಲಿ ಇಳಿಯುತ್ತೀರೆಂದು ಅಮ್ಮನಿಗೆ ಚೀಟಿಯಲ್ಲಿ ಬರೆದುಕೊಡಿ, ವಾಟ್ಸ್ಯಾಪಿನಲ್ಲಿ ಕಳಿಸಿದರೆ ಸಾಲದು. ರೂಮಿನ ಬಾಡಿಗೆ ಕೇಳುವಾಗಲೇ ಎತ್ತರದ ಜಾಗ ಯಾವುದೆಂದೂ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಮನೆ ನೋಡಿ. ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಮಾಲೀಕ ಉತ್ತರ ಸಿದ್ಧಮಾಡಿಟ್ಟಿರುತ್ತಾನೆ.

ದೀದಿಯ ಕಾಟೇಜುಗಳಲ್ಲಿ ಕೇಳುವ ಅಗತ್ಯ ಬೀಳುವುದಿಲ್ಲ. ಪ್ರತಿ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದಾರೆ. ಕೈಯಲ್ಲಿ ಬರೆದ ನಕ್ಷೆ: ಕಾಟೇಜು, ಬಾವಿ, ಹಲಸಿನ ಮರ, ಗುಡ್ಡದ ಮೇಲಿನ ಶಾಲೆ. ಕೆಳಗೆ ಬಂಗಾಳಿ, ಹಿಂದಿ, ಇಂಗ್ಲಿಷಿನಲ್ಲಿ, ನೆಲ ನಡುಗಿದರೆ ಫೋನಿಗೆ ಕಾಯಬೇಡಿ, ಮೇಲಕ್ಕೆ ನಡೆಯಿರಿ ಎಂದಿದೆ. ಕರ್ನಾಟಕದಿಂದಲೂ ಜನ ಬರುತ್ತಾರೆ, ನಿಮ್ಮ ಭಾಷೆಯಲ್ಲೂ ಬರೆದುಕೊಡು ಎಂದು 2016ರ ಆ ಮಳೆಯಲ್ಲಿ ದೀದಿ ಮಗಳ ಕೈಗೆ ಪೆನ್ನು ಕೊಟ್ಟರು. ಕನ್ನಡವನ್ನು ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಎರಡು ವರ್ಷ ಕಲಿತವಳು ಅವಳು. ಲಾಟೀನಿನ ಬೆಳಕಿನಲ್ಲಿ ಏಳೂ ಹಾಳೆಗಳ ಮೇಲೆ ಕೂತು ಬರೆದಳು, ನನ್ನನ್ನು ಕೇಳಲಿಲ್ಲ. ಮೊನ್ನೆ ದೀದಿ ಫೋಟೋ ಕಳಿಸಿದ್ದರು. ಹಾಳೆ ಹಳದಿಯಾಗಿದೆ, ಅಕ್ಷರ ಹಾಗೇ ಇದೆ. ಏಳರಲ್ಲೂ 'ಮೆಲಕ್ಕೆ' ಎಂದು ಬರೆದಿದ್ದಾಳೆ. ನಿಮ್ಮಲ್ಲಿ ಯಾರಾದರೂ ಅವಳಿಗಿಂತ ಮೊದಲು ಅಲ್ಲಿಗೆ ಹೋದರೆ, ಒಂದು ಪೆನ್ನು ತೆಗೆದುಕೊಂಡು ಹೋಗಿ ಆ ದೀರ್ಘ ಹಾಕಿಬನ್ನಿ.